ಬೈತಖೋಲದ ಬೋಟು, ಹಸಿರಾದ ಹಳದಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 61 ದಿನ. ಮೀನು ತಿನ್ನುವವರಿಗೆ ಬೇಜಾರು, ಚಿತ್ರ ಬಿಡಿಸುವವರಿಗೆ ಹಬ್ಬ. ಬೇರೆ ದಿನಗಳಲ್ಲಿ ಕಾರವಾರದ ಬೈತಖೋಲ ಬಂದರಿನಲ್ಲಿ ಕೂತರೆ, ಒಂದು ಬೋಟಿನ ಮೂತಿ ಬಿಡಿಸಿ ಮುಗಿಸುವಷ್ಟರಲ್ಲಿ ಅದು ಹೊರಟೇ ಹೋಗಿರುತ್ತದೆ. ನಿಷೇಧದ ದಿನಗಳಲ್ಲಿ ಆ ತಾಪತ್ರಯ ಇಲ್ಲ. ಒಂದಕ್ಕೊಂದು ಮೈ ತಾಗಿಸಿ, ಹಗ್ಗ ಬಿಗಿಸಿಕೊಂಡು, ಕೊಟ್ಟಿಗೆಯ ದನಗಳ ಹಾಗೆ ಸಾಲಾಗಿ ನಿಂತಿರುತ್ತವೆ.

ಜೂನ್ ಎರಡನೇ ಭಾನುವಾರ ಮಳೆ ಒಂದೂವರೆ ಗಂಟೆ ಬಿಡುವು ಕೊಟ್ಟಿತು. ಓಡಿ ಹೋಗಿ, ದೊಡ್ಡ ಸುತ್ತುಬಲೆ ಹಾಕುವ ಒಂದು ಪರ್ಸೀನ್ ಬೋಟನ್ನು ಚಿತ್ರಕ್ಕೆ ಆರಿಸಿಕೊಂಡೆ. ನೀಲಿ ಮೈ, ನಡುವೆ ಅಗಲವಾದ ಹಳದಿ ಪಟ್ಟಿ, ನೀರಿಗೆ ಇಳಿಯುವ ಭಾಗಕ್ಕೆ ಕೆಂಪು. ಮೂತಿಯಲ್ಲಿ ದೇವರ ಹೆಸರು, ಅದಕ್ಕೆ ನೇತು ಬಿದ್ದ ಒಣ ಹೂವಿನ ಮಾಲೆ. ಹಿಂದೆ ತೊಯ್ದು ಕಪ್ಪಾದ ಗುಡ್ಡ. 2ಬಿ ಪೆನ್ಸಿಲಿನಲ್ಲಿ ಗೆರೆ ಎಳೆದು, ನೆರಳನ್ನೆಲ್ಲ ಬೆರಳಿನಿಂದ ತೀಡಿ, ಹಗ್ಗಗಳನ್ನು ಒತ್ತಿ ಒತ್ತಿ ಬರೆದೆ. ಪೆನ್ಸಿಲ್ ಚಿತ್ರವಾಗಿ ಚೆನ್ನಾಗಿಯೇ ಬಂತು. ಅಲ್ಲಿಗೇ ಬಿಡಬೇಕಿತ್ತು. ಬಣ್ಣದ ಆಸೆ ಬಿಡಲಿಲ್ಲ.

ಮನೆಗೆ ಬಂದು 24 ಬಣ್ಣದ ಪೆನ್ಸಿಲ್‌ಗಳ ಡಬ್ಬಿ ತೆಗೆದೆ. ಹಳದಿ ಪಟ್ಟಿಯಿಂದ ಶುರು. ಪೆನ್ಸಿಲ್ ಎರಡು ಸಲ ಆಡಿಸಿದ್ದೇ ತಡ, ಹಳದಿ ಹಸಿರಾಯಿತು. ಹುಲ್ಲಿನ ಹಸಿರೂ ಅಲ್ಲ, ಮಳೆಗಾಲದಲ್ಲಿ ನಮ್ಮ ಕಾಂಪೌಂಡ್ ಗೋಡೆಗೆ ಹಬ್ಬುವ ಪಾಚಿಯ ಹಸಿರು. ಇನ್ನೊಂದು ಪದರ ಹಾಕಿದರೆ ಸರಿಹೋದೀತು ಅಂದುಕೊಂಡೆ. ಪಾಚಿ ದಪ್ಪವಾಯಿತು ಅಷ್ಟೇ. ನೀಲಿ ಮೈ ಸ್ಲೇಟಿನ ಬಣ್ಣಕ್ಕೆ ತಿರುಗಿತು. ನೆರಳು ತೀಡಿದ ಜಾಗದಲ್ಲಂತೂ ಬಣ್ಣ ಕೂರಲೇ ಇಲ್ಲ. ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ ಪೆನ್ಸಿಲ್ ಜಾರಿತು. ಕೊನೆಗೆ ರಬ್ಬರ್ ತಗೊಂಡು ಉಜ್ಜಿದೆ. ಮೇಣ, ಮಸಿ ಎರಡೂ ಸೇರಿ ಒಲೆಯ ಮೇಲಿನ ಕಾಡಿಗೆಯಾಯಿತು.

ಆ ಹಾಳೆ ಹೋಯಿತು. ಪುಣ್ಯಕ್ಕೆ ಬಣ್ಣ ಹಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟಿದ್ದೆ. ಪೆನ್ಸಿಲ್ ಚಿತ್ರಕ್ಕೆ ಬಣ್ಣ ಹಚ್ಚಲು ಹೊರಟ ಯಾರಿಗೇ ಆದರೂ ನಾನು ಮೊದಲು ಹೇಳುವುದು ಇದನ್ನೇ. ಫೋಟೊ ತೆಗೆದಿಡಿ, ಆಮೇಲೆ ಡಬ್ಬಿ ತೆಗೆಯಿರಿ.

ಕೊಳಕು ಎಲ್ಲಿಂದ ಬಂತು

ಮೊದಲ ದಿನ ನಾನು ಬೈದಿದ್ದು ಹಳದಿ ಪೆನ್ಸಿಲಿಗೆ. ಅಗ್ಗದ ಡಬ್ಬಿ, ಅದಕ್ಕೇ ಹೀಗೆ ಅಂತ. ತಪ್ಪು ಅದರದ್ದಲ್ಲ.

ಪೆನ್ಸಿಲ್ ಕಡ್ಡಿಗೆ ನಾವು ಸೀಸ ಅನ್ನುತ್ತೇವೆ. ಅದರಲ್ಲಿ ಸೀಸ ಒಂದು ಚೂರೂ ಇಲ್ಲ. ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಎರಡನ್ನೂ ಬೆರೆಸಿ ಸುಡುವ ವಿಧಾನಕ್ಕೆ ಫ್ರಾನ್ಸಿನ ಕೋಂಟೆ 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಜಾಸ್ತಿಯಾದರೆ ಕಡ್ಡಿ ಗಟ್ಟಿ, ಅದು ಎಚ್ ಕಡೆ. ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ, ಕಪ್ಪು, ಅದು ಬಿ ಕಡೆ. ಈ ಗ್ರಾಫೈಟ್ ಕಾಗದದೊಳಗೆ ಇಂಗುವುದಿಲ್ಲ. ಸಣ್ಣ ಸಣ್ಣ ಪದರಗಳಾಗಿ ಮೇಲೆ ಕೂತಿರುತ್ತದೆ. ಜಾಮ್ ಆದ ಬೀಗಕ್ಕೆ ಪೆನ್ಸಿಲ್ ಹುಡಿ ಹಾಕುತ್ತಾರಲ್ಲ, ಅದೇ ಜಾರುವ ಗುಣ ಇಲ್ಲಿ ಮುಳುವಾಗುತ್ತದೆ.

ಬಣ್ಣದ ಪೆನ್ಸಿಲ್ ಅಂದರೆ ಬಣ್ಣದ ಹುಡಿಯನ್ನು ಮೇಣದಲ್ಲೋ ಎಣ್ಣೆಯಲ್ಲೋ ಕಟ್ಟಿದ ಕಡ್ಡಿ. ಅದು ಕಾಗದದ ತರಿಗೆ, ಅಂದರೆ ಮೇಲ್ಮೈಯ ಸಣ್ಣ ಉಬ್ಬುತಗ್ಗಿಗೆ, ಉಜ್ಜಿಕೊಂಡು ಅಂಟಬೇಕು. ಆ ತರಿಯಲ್ಲಿ ಆಗಲೇ ಗ್ರಾಫೈಟ್ ತುಂಬಿದ್ದರೆ ಹಿಡಿದುಕೊಳ್ಳಲು ಜಾಗ ಇಲ್ಲ. ಜಾಗ ಇದ್ದಲ್ಲಿ ಮೇಣ ಆ ಕಪ್ಪು ಹುಡಿಯನ್ನು ಎಳೆದುಕೊಂಡು ಹೋಗಿ ಪಟ್ಟಿಯ ತುಂಬಾ ಹರಡುತ್ತದೆ. ಹಳದಿಗೆ ಕಪ್ಪು ಸೇರಿದರೆ ಕಣ್ಣಿಗೆ ಹಸಿರೇ ಕಾಣುವುದು. ಬೇಕಾದರೆ ನಿಮ್ಮ ಹಳದಿ ಪೆನ್ಸಿಲಿನ ಮೊನೆ ನೋಡಿ. ಗ್ರಾಫೈಟ್ ಗೆರೆ ಮೇಲೆ ಒಮ್ಮೆ ಓಡಾಡಿದ ಮೊನೆ ಮೀನು ಸುಟ್ಟ ಕಡ್ಡಿಯ ಹಾಗೆ ಕಪ್ಪಾಗಿರುತ್ತದೆ. ಅದೇ ಮೊನೆಯಲ್ಲಿ ಮುಂದಿನ ಜಾಗಕ್ಕೆ ಹೋದರೆ ಕೊಳಕು ಅಲ್ಲಿಗೂ ಪ್ರಯಾಣ ಮಾಡುತ್ತದೆ. ಈಗ ಪಕ್ಕದಲ್ಲಿ ಒಂದು ರದ್ದಿ ಕಾಗದ ಇಟ್ಟುಕೊಂಡಿರುತ್ತೇನೆ. ಹತ್ತು ಗೆರೆಗೊಮ್ಮೆ ಮೊನೆಯನ್ನು ಅದರ ಮೇಲೆ ಗೀಚಿ ತೊಳೆದುಕೊಳ್ಳುವುದು.

ಇನ್ನೊಂದು ತಪ್ಪು ನನ್ನ ಲೆಕ್ಕಾಚಾರದ್ದು. ಬಣ್ಣ ಹಚ್ಚುವ ಚಿತ್ರಕ್ಕೆ ನೆರಳನ್ನು ಗ್ರಾಫೈಟಿನಲ್ಲಿ ಹಾಕಲೇಬಾರದು. ಆ ಕೆಲಸ ಬಣ್ಣದ್ದು. ಪೆನ್ಸಿಲ್ ಜಾಗ ತೋರಿಸಿ ಪಕ್ಕಕ್ಕೆ ಸರಿಯಬೇಕು.

ಒಂದು ಸಂಜೆ ಪರೀಕ್ಷೆ

ಹೊಸ ಹಾಳೆ ಮುಟ್ಟುವ ಮೊದಲು, ಅದೇ ಕಾಗದದ ಚೂರಿನ ಮೇಲೆ ನಾಲ್ಕು ಗೆರೆ ಎಳೆದೆ. 4ಬಿ, 2ಬಿ, ಎಚ್‌ಬಿ, 2ಎಚ್. ಎಲ್ಲದರ ಮೇಲೂ ಅಡ್ಡಡ್ಡ ಹಳದಿ ಆಡಿಸಿದೆ. 4ಬಿ, 2ಬಿ ಎರಡೂ ಬಾಲ ಬಿಟ್ಟ ಧೂಮಕೇತುಗಳಾದವು. ಎಚ್‌ಬಿ ಸ್ವಲ್ಪ ಮಾತ್ರ ಮಸುಕಾಯಿತು. 2ಎಚ್ ಅಲುಗಾಡಲೇ ಇಲ್ಲ.

ಹಾಗಾದರೆ 2ಎಚ್ ಒಳ್ಳೆಯದು ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಆದರೆ ಅದು ಗಟ್ಟಿ. ಸ್ವಲ್ಪ ಒತ್ತಿದರೂ ಕಾಗದದಲ್ಲಿ ಗೀರು ಬೀಳುತ್ತದೆ. ಗೆರೆ ಅಳಿಸಿದರೂ ಗೀರು ಹೋಗುವುದಿಲ್ಲ. ಮೇಲೆ ಬಣ್ಣ ಹಚ್ಚಿದರೆ ಪೆನ್ಸಿಲ್ ಆ ಸಣ್ಣ ಕಾಲುವೆಯನ್ನು ದಾಟಿ ಹೋಗುತ್ತದೆ, ಕಾಲುವೆ ಬೆಳ್ಳಗೆ ಉಳಿಯುತ್ತದೆ. ಈ ಬಿಳಿ ಗೀರು ನೋಡಿ ಆ ದಿನ ಸಿಟ್ಟು ಬಂದಿತ್ತು. ಎರಡು ವಾರದ ನಂತರ ಇದೇ ಕೆಲಸಕ್ಕೆ ಬಂತು, ಆ ಕಥೆ ಆಮೇಲೆ.

ಗಟ್ಟಿ ಕಡ್ಡಿಯ ಆಸೆ ಬಿಟ್ಟು ಎಚ್‌ಬಿಗೆ ಬಂದೆ. ಪೆನ್ಸಿಲನ್ನು ಹಿಂದಕ್ಕೆ ಹಿಡಿದು, ಅದರ ತೂಕವೇ ಗೆರೆ ಎಳೆಯುವ ಹಾಗೆ ಬಿಟ್ಟರೆ ಸಾಕು. ಕೈ ಭಾರ ಹಾಕುವುದು ಬೇಡ.

ಹೇರ್ ಸ್ಪ್ರೇ ಹೊಡೆದರೆ ಪೆನ್ಸಿಲ್ ಗೆರೆ ಗಟ್ಟಿ ಕೂರುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು. ಅದನ್ನೂ ನೋಡಿದೆ. ಕಾಗದದ ಮೇಲೆ ಹನಿ ಹನಿ ಕಲೆ ಬಿತ್ತು, ಮನೆಯೆಲ್ಲ ಮದುವೆ ಮನೆಯ ವಾಸನೆ. ಚಿತ್ರಕ್ಕೆಂದೇ ಮಾಡಿದ ಫಿಕ್ಸೆಟಿವ್ ಬೇರೆ. ಅದು ಹುಡಿಯನ್ನು ಹಿಡಿದಿಟ್ಟು ತರಿಯನ್ನೂ ಉಳಿಸುತ್ತದೆ. ಆದರೆ ಗಾಳಿಯಲ್ಲಿ ನೀರೇ ತುಂಬಿರುವ ಜುಲೈಯಲ್ಲಿ ಸ್ಪ್ರೇ ಹೊಡೆದರೆ ಬಿಳಿ ಮಬ್ಬು ಕೂರುವ ಭಯ. ಹಾಗಾಗಿ ಅದನ್ನು ಬಿಟ್ಟೆ.

ಪಾವ್ ಮತ್ತು ಇರುವೆ

ಗೆರೆ ಎಳೆದ ಮೇಲೆ ಅದನ್ನು ತಿಳಿ ಮಾಡಬೇಕು. ಪೂರ್ತಿ ಅಳಿಸುವುದಲ್ಲ, ಮೇಲಿನ ಸಡಿಲ ಹುಡಿಯನ್ನು ಎತ್ತುವುದು. ಇದಕ್ಕೆ ನೀಡೆಡ್ ರಬ್ಬರ್ ಅಂತ ಬರುತ್ತದೆ. ಮೆತ್ತಗೆ, ಗೋದಿ ಹಿಟ್ಟಿನ ಹಾಗೆ ನಾದಬಹುದು. ಉಜ್ಜುವ ಹಾಗಿಲ್ಲ, ಒತ್ತಿ ಎತ್ತಬೇಕು. ನಾನು ಹೋದ ಅಂಗಡಿಗಳಲ್ಲಿ ಸಿಗಲಿಲ್ಲ. ಹುಬ್ಬಳ್ಳಿಗೆ ಹೋಗುವವರಿಗೆ ಹೇಳಿಟ್ಟೆ.

ಅಷ್ಟರಲ್ಲಿ ತಾಳ್ಮೆ ಮುಗಿಯಿತು. ರಬ್ಬರ್ ಬರುವ ಮೊದಲು ಚಿತ್ರಕಾರರು ಬ್ರೆಡ್ಡಿನ ತಿರುಳಿನಿಂದ ಪೆನ್ಸಿಲ್ ಅಳಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ರಬ್ಬರ್ ತುಂಡನ್ನು ಅಳಿಸಲು ಮಾರತೊಡಗಿದ್ದು 1770ರ ಸುಮಾರಿಗೆ. ನಮ್ಮ ಕಾರವಾರದಲ್ಲಿ ಬೆಳಿಗ್ಗೆ ಸೈಕಲ್ ಮೇಲೆ ಪೊಂ ಪೊಂ ಅಂತ ಹಾರ್ನ್ ಒತ್ತಿಕೊಂಡು ಪಾವ್ ಬರುತ್ತದೆ. ಬ್ರೆಡ್ಡಿಗಿಂತ ಪಾವ್ ಏನು ಕಡಿಮೆ? ಎರಡು ತಗೊಂಡೆ. ಒಂದು ಭಾಜಿಗೆ, ಒಂದು ಬೋಟಿಗೆ.

ಹೊರಗಿನ ಕಂದು ಸಿಪ್ಪೆ ತೆಗೆದು, ಒಳಗಿನ ಬಿಳಿ ತಿರುಳನ್ನು ಗೋಲಿಯಷ್ಟು ಉಂಡೆ ಮಾಡಿದೆ. ಗೆರೆ ಮೇಲೆ ಇಟ್ಟು ಒತ್ತಿ ಎತ್ತಿದೆ. ಉಂಡೆಯ ಹೊಟ್ಟೆ ಬೂದು ಬಣ್ಣಕ್ಕೆ ತಿರುಗಿತು. ಕಾಗದದ ಮೇಲೆ ಗೆರೆ ನೆರಳಿನಷ್ಟು ಮಾತ್ರ ಉಳಿಯಿತು. ನನಗೆ ನಂಬಲು ಆಗಲಿಲ್ಲ. ಉಂಡೆ ಮಡಚಿ ಹೊಸ ಮುಖ ತೆಗೆದು ಮತ್ತೆ ಒತ್ತಿದೆ. ಇಡೀ ಹಲಗೆ ಸಾಲನ್ನು ಐದು ನಿಮಿಷದಲ್ಲಿ ತಿಳಿ ಮಾಡಿದೆ. ತಾಜಾ ಪಾವ್ ಆಗಬೇಕು, ಬೆಣ್ಣೆ ಎಣ್ಣೆ ಸೋಕಿರಬಾರದು, ಅಷ್ಟೇ.

ರಾತ್ರಿ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಬೋಟಿನ ಮೇಲೆ ಇರುವೆಗಳ ಮೆರವಣಿಗೆ. ಕಣ್ಣಿಗೆ ಕಾಣದ ಚೂರುಗಳು ಅವುಗಳಿಗೆ ಕಂಡಿದ್ದವು. ಕುಂಚದಿಂದ ಗುಡಿಸಿ ಓಡಿಸಿದೆ. ಮರುವಾರ ನೀಡೆಡ್ ರಬ್ಬರ್ ಬಂತು. ಈಗ ಅದನ್ನೇ ಬಳಸುತ್ತೇನೆ, ಆದರೆ ಕೆಲಸದಲ್ಲಿ ಪಾವ್‌ಗಿಂತ ತುಂಬಾ ಮೇಲು ಅಂತ ಹೇಳಲಾರೆ.

ಕಪಾಟಿನ ಬಲ್ಬ್

ಮಳೆಗಾಲದಲ್ಲಿ ಇಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಕಾಗದಕ್ಕೂ ಅದೇ ಗತಿ. ನಾನು ತಂದಿದ್ದು 200 ಜಿಎಸ್‌ಎಂನ ದಪ್ಪ ಡ್ರಾಯಿಂಗ್ ಶೀಟ್. ಅಂಗಡಿಯಲ್ಲಿ ಬಡಿದರೆ ತಗಡಿನ ಹಾಗೆ ಸದ್ದು ಮಾಡಿತ್ತು. ಮನೆಯಲ್ಲಿ ನಾಲ್ಕು ದಿನ ಇಟ್ಟ ಮೇಲೆ ಬಡಿದರೆ ಒದ್ದೆ ಟವೆಲ್. ಹೀಗೆ ತೇವ ಕುಡಿದ ಕಾಗದದ ಮೇಲೆ ಪೆನ್ಸಿಲ್ ಆಡಿಸಿದರೆ ತರಿ ಏಳುತ್ತದೆ, ನಾರು ಬಿಡುತ್ತದೆ, ಬಣ್ಣ ಗಂಟು ಗಂಟಾಗಿ ಕೂರುತ್ತದೆ.

ಪರಿಹಾರ ಅಮ್ಮನ ಕಪಾಟಿನಲ್ಲಿತ್ತು. ರೇಷ್ಮೆ ಸೀರೆಗೆ ಬೂಷ್ಟು ಹಿಡಿಯಬಾರದು ಅಂತ ಅಮ್ಮ ಮಳೆಗಾಲವಿಡೀ ಕಪಾಟಿನ ಕೆಳಗಿನ ಖಾನೆಯಲ್ಲಿ 40 ವ್ಯಾಟಿನ ಹಳೆಯ ಬಲ್ಬ್ ಉರಿಸುತ್ತಾರೆ. ಎಲ್‌ಇಡಿ ಹಾಕಿದರೆ ಪ್ರಯೋಜನ ಇಲ್ಲ, ಬಿಸಿಯಾಗುವ ಬಲ್ಬೇ ಬೇಕು. ಸೀರೆಗಳ ಪಕ್ಕ ನನ್ನ ಹಾಳೆಗಳಿಗೆ ಒಂದು ರಾತ್ರಿ ಜಾಗ ಕೇಳಿದೆ. ಬೆಳಿಗ್ಗೆ ತೆಗೆದು ಬಡಿದಾಗ ಮತ್ತೆ ತಗಡಿನ ಸದ್ದು. ಅಂದಿನಿಂದ ಒಂದು ಬಾರಿಗೆ ಒಂದೇ ಹಾಳೆ ಹೊರಗೆ. ಕೆಲಸ ನಿಲ್ಲಿಸಿದಾಗ ವಾಪಸ್ ಕಪಾಟಿಗೆ, ಆದರೆ ಬಲ್ಬಿಗೆ ಹತ್ತಿರ ಅಲ್ಲ. ಬಣ್ಣ ಹಚ್ಚಿದ ಹಾಳೆಗೆ ಬಿಸಿ ಜಾಸ್ತಿ ತಾಗಿದರೆ ಮೇಣ ಮೆತ್ತಗಾಗುತ್ತದೆ.

ಮೆಂಡರ್ ಬಗ್ಗೆಯೂ ಒಂದು ಮಾತು. ಡಬ್ಬಿಯ ಜೊತೆ ಬಂದ ಮೆಂಡರಿನ ಬ್ಲೇಡು ಕಡಲ ಗಾಳಿಗೆ ತುಕ್ಕು ಹಿಡಿದಿತ್ತು. ಮೊಂಡು ಬ್ಲೇಡು ಕಟ್ಟಿಗೆ ಕೆತ್ತುವುದಿಲ್ಲ, ಕಡ್ಡಿಯನ್ನು ತಿರುಚಿ ಮುರಿಯುತ್ತದೆ. ನೀಲಿ ಪೆನ್ಸಿಲ್ ಅರ್ಧ ಇಂಚು ಹೀಗೇ ವ್ಯರ್ಥವಾಯಿತು. 5 ರೂಪಾಯಿಯ ಹೊಸ ಮೆಂಡರ್ ತಂದೆ. ಸುಮ್ನೆ ಪೆನ್ಸಿಲ್ ಕಂಪನಿಗೆ ಬೈಯುವುದು ನಿಂತಿತು.

ಮತ್ತೆ ಗೆರೆ

ಮೊಬೈಲಿನ ಫೋಟೊವನ್ನು ಎ4 ಅಳತೆಗೆ ಪ್ರಿಂಟ್ ತೆಗೆಸಿದೆ. ಕಿಟಕಿ ಗಾಜಿಗೆ ಅಂಟಿಸಿ ಟ್ರೇಸ್ ಮಾಡುವುದು ಸುಲಭದ ದಾರಿ, ಆದರೆ ಜುಲೈಯ ಆಕಾಶದಲ್ಲಿ 200 ಜಿಎಸ್‌ಎಂ ಕಾಗದ ದಾಟುವಷ್ಟು ಬೆಳಕು ಎಲ್ಲಿದೆ? ರಾತ್ರಿ ಲೈಟ್ ಆರಿಸಿ, ಗಾಜಿನ ಟ್ರೇಯನ್ನು ಎರಡು ಪುಸ್ತಕದ ಕಟ್ಟಿನ ಮೇಲೆ ಇಟ್ಟು, ಕೆಳಗೆ ಮೊಬೈಲ್ ಟಾರ್ಚ್ ಹಚ್ಚಿದೆ. ಗೆರೆಗಳೆಲ್ಲ ಮೇಲೆ ಕಂಡವು. ಕಚೇರಿಯ ಕಾರ್ಬನ್ ಪೇಪರ್ ಮಾತ್ರ ಬಳಸಬೇಡಿ. ಅದರ ಮಸಿಯಲ್ಲಿ ಜಿಡ್ಡು ಇರುತ್ತದೆ. ಅಳಿಸಲು ಹೋದರೆ ಹರಡುತ್ತದೆ.

ಈ ಸಲ ಹೊರಗೆರೆ ಮಾತ್ರ. ನೆರಳಿಲ್ಲ, ತೀಡುವುದಿಲ್ಲ. ಎಚ್‌ಬಿಯಲ್ಲಿ ಎಳೆದು ಪಾವ್‌ನಿಂದ ತಿಳಿ ಮಾಡಿದೆ. ಗೆರೆ ಕಂಡೂ ಕಾಣದ ಹಾಗೆ ಉಳಿಯಿತು.

ಆಮೇಲೆ ಮಾಡಿದ್ದೇ ಈ ಇಡೀ ಕೆಲಸದ ಜೀವ. ಆ ಮಸುಕು ಗೆರೆಯನ್ನು ಪ್ರತಿ ಭಾಗಕ್ಕೂ ಅದರದೇ ಬಣ್ಣದಲ್ಲಿ ಮತ್ತೆ ಎಳೆದೆ. ನೀಲಿ ಮೈಗೆ ನೀಲಿ ಗೆರೆ. ಹಳದಿ ಪಟ್ಟಿಗೆ ಓಕರ್, ಅಂದರೆ ಮಣ್ಣು ಹಳದಿ, ಗೆರೆ. ಕೆಂಪು ತಳಕ್ಕೆ ಕಂದು. ಗುಡ್ಡದ ಅಂಚಿಗೆ ಕಡು ಹಸಿರು. ಒಂದು ಅಂಗೈಯಷ್ಟು ಜಾಗದ ಗೆರೆ ಎಳೆದು, ಅಲ್ಲಿ ಉಳಿದ ಗ್ರಾಫೈಟನ್ನು ಪೂರ್ತಿ ಎತ್ತಿ, ಮುಂದಿನ ಜಾಗಕ್ಕೆ ಹೋದೆ. ಬಣ್ಣದ ಗೆರೆ ರಬ್ಬರಿಗೆ ಪೂರ್ತಿ ಹೋಗುವುದಿಲ್ಲ, ಹಾಗಾಗಿ ಇಲ್ಲಿ ಕೈ ತಪ್ಪಬಾರದು. ಎರಡು ರಾತ್ರಿ ಹಿಡಿಯಿತು. ಮುಗಿದಾಗ ಹಾಳೆಯ ಮೇಲೆ ಬಣ್ಣ ಬಣ್ಣದ ದಾರಗಳಿಂದ ಕಟ್ಟಿದ ಬೋಟು ಇತ್ತು. ಗ್ರಾಫೈಟ್ ಒಂದು ಚೂರೂ ಇಲ್ಲ. ಕೊಳಕಾಗಲು ಇನ್ನೇನಿದೆ ಅಲ್ಲಿ?

ಹಗ್ಗಗಳು ಉಳಿದಿದ್ದವು. ನೀಲಿ ಮೈಯ ಮುಂದೆ ಇಳಿಬಿದ್ದ ಬಿಳಿ ನೈಲಾನ್ ಹಗ್ಗಗಳು. ಬಿಳಿ ಪೆನ್ಸಿಲ್ ಕಡು ನೀಲಿಯ ಮೇಲೆ ಹೊಗೆಯ ಹಾಗೆ ಕಾಣುತ್ತದೆ, ಹಗ್ಗದ ಹಾಗಲ್ಲ. ಆಗ 2ಎಚ್‌ನ ಗೀರು ನೆನಪಾಯಿತು. ಇಂಕು ಮುಗಿದ ಬಾಲ್‌ಪೆನ್ ತಗೊಂಡೆ. ಮೇಲೆ ಬಟರ್ ಪೇಪರ್ ಇಟ್ಟು, ಹಗ್ಗ ಇರುವಲ್ಲೆಲ್ಲ ಒತ್ತಿ ಗೀರಿದೆ. ಕಾಗದದಲ್ಲಿ ಕಾಲುವೆ ಬಿತ್ತು. ಮೇಲೆ ನೀಲಿ ಪೆನ್ಸಿಲನ್ನು ಓರೆಯಾಗಿ ಹಿಡಿದು ಆಡಿಸಿದಾಗ ಹಗ್ಗಗಳು ತಾವಾಗಿ ಬೆಳ್ಳಗೆ ಎದ್ದು ಬಂದವು. ಚೂಪು ಮೊನೆ ಬೇಡ, ಅದು ಕಾಲುವೆಯೊಳಗೆ ಇಳಿಯುತ್ತದೆ.

ಶಿರಸಿಯ ಮಾರಿಕಾಂಬಾ ಗುಡಿಯ ಗೋಡೆಯ ಕಾವಿ ಚಿತ್ರ ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಬಿಳಿಯನ್ನು ಬಳಿಯುವುದಿಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಹಸಿ ಇರುವಾಗಲೇ ಕೆರೆದು ಕೆಳಗಿನ ಬಿಳಿಯನ್ನು ತೆರೆಯುತ್ತಾರೆ. ನಾನು ಚಿಕ್ಕವನಿದ್ದಾಗ ಅದನ್ನು ನೋಡಿ ಯಾರೋ ಬಿಳಿ ಬಣ್ಣದಲ್ಲಿ ಬರೆದಿದ್ದಾರೆ ಅಂದುಕೊಂಡಿದ್ದೆ.

ಬಣ್ಣ

ತಿಳಿ ಬಣ್ಣ ಮೊದಲು, ಕಡು ಬಣ್ಣ ಆಮೇಲೆ. ಹಳದಿ ಪಟ್ಟಿ ಮುಗಿಯುವವರೆಗೆ ನೀಲಿ ಪೆನ್ಸಿಲನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. ಬಲಗೈಯವನಾದ್ದರಿಂದ ಎಡಗಡೆಯಿಂದ ಬಲಕ್ಕೆ. ಕೈ ಕೆಳಗೆ ಸದಾ ಒಂದು ಬಟರ್ ಪೇಪರ್. ಕರೆಂಟ್ ಹೋಗಿ ಫ್ಯಾನ್ ನಿಂತರೆ ಇಲ್ಲಿ ಅಂಗೈ ಎರಡೇ ನಿಮಿಷದಲ್ಲಿ ಬೆವರುತ್ತದೆ. ಬೆವರು ತಾಗಿದ ಕಾಗದ ಬಣ್ಣ ಹಿಡಿಯುವುದಿಲ್ಲ.

ಒತ್ತುವ ಆಸೆಯನ್ನು ತಡೆಯುವುದೇ ಕಷ್ಟ. ಒಂದೇ ಸಲಕ್ಕೆ ಒತ್ತಿ ಹಚ್ಚಿದರೆ ತರಿ ಚಪ್ಪಟೆಯಾಗಿ, ಮೇಲೆ ಎರಡನೇ ಬಣ್ಣಕ್ಕೆ ಜಾಗ ಇರುವುದಿಲ್ಲ. ನಾನು ನೀಲಿ ಮೈಗೆ ಐದು ಪದರ ಹಾಕಿದೆ. ಮೊದಲ ನಾಲ್ಕು, ಕಾಗದಕ್ಕೆ ಪೆನ್ಸಿಲ್ ತಾಗಿತೋ ಇಲ್ಲವೋ ಅನ್ನುವಷ್ಟು ಹಗುರ. ಒಂದು ಪದರ ಅಡ್ಡ, ಒಂದು ಉದ್ದ, ಒಂದು ಓರೆ. ಮೂರನೆಯ ಪದರದವರೆಗೆ ಏನೂ ಆಗುತ್ತಿಲ್ಲ ಅನಿಸುತ್ತದೆ. ನಾಲ್ಕನೆಯದಕ್ಕೆ ಬಿಳಿ ಚುಕ್ಕೆಗಳು ಮುಚ್ಚಿಕೊಳ್ಳಲು ಶುರುವಾಗುತ್ತವೆ. ಐದನೆಯದನ್ನು ಮಾತ್ರ ಸ್ವಲ್ಪ ಒತ್ತಿದೆ.

ನನ್ನ 24ರ ಡಬ್ಬಿಯ ಪೆನ್ಸಿಲ್ ಗಟ್ಟಿ, ಬಣ್ಣ ಕಡಿಮೆ. ಬಿಡಿಯಾಗಿ ಕೊಂಡ, ಪಾಲಿಕ್ರೋಮೋಸ್ ಅನ್ನುವ ಐದು ದುಬಾರಿ ಬಣ್ಣದ ಪೆನ್ಸಿಲ್ ಇದ್ದವು. ಅವು ಎಣ್ಣೆ ಕಟ್ಟಿನವು, ಮೊನೆ ನಿಲ್ಲುತ್ತದೆ. ಎರಡನ್ನೂ ಬೆರೆಸಿ ಬಳಸಿದೆ. ದೊಡ್ಡ ಜಾಗಕ್ಕೆ ಡಬ್ಬಿಯದು, ಅಂಚು ಮತ್ತು ನೆರಳಿಗೆ ದುಬಾರಿಯದು. ಇಡೀ ದುಬಾರಿ ಸೆಟ್ ಕೊಂಡರೆ ಚಿತ್ರ ತಾನಾಗಿ ಚೊಕ್ಕವಾಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಹಾಳೆಯ ಗ್ರಾಫೈಟಿನ ಮೇಲೆ ಆ ದುಬಾರಿ ಹಳದಿಯನ್ನೂ ಆಡಿಸಿ ನೋಡಿದ್ದೇನೆ. ಪಾಚಿಯೇ ಬಂತು.

ನೆರಳಿಗೆ ಕಪ್ಪು ಮುಟ್ಟಲಿಲ್ಲ. ನೀಲಿಯ ನೆರಳಿಗೆ ಇಂಡಿಗೊ, ಅದರ ಮೇಲೆ ತೆಳುವಾಗಿ ಕಂದು. ಹಳದಿಯ ನೆರಳಿಗೆ ಓಕರ್, ಅದರ ಮೇಲೆ ನೇರಳೆಯ ಒಂದೇ ಒಂದು ತೆಳು ಪದರ. ನೇರಳೆ ಎರಡು ಪದರವಾದರೆ ಹಳದಿ ಕೆಸರಾಗುತ್ತದೆ. ಗುಡ್ಡ, ನೀರು ಇವಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಮಳೆಗಾಲದ ಸಮುದ್ರಕ್ಕೆ ಬೂದು ಹಸಿರು ಇದ್ದರೆ ಸಾಕು.

ಎಡವಟ್ಟು ಆಗಿದ್ದು ಒಂಬತ್ತನೇ ದಿನ. ನೀಲಿ ಪೆನ್ಸಿಲಿನಿಂದ ಉದುರಿದ ಸಾಸಿವೆ ಕಾಳಿಗಿಂತ ಸಣ್ಣ ಚೂರು ಬಟರ್ ಪೇಪರ್ ಕೆಳಗೆ ಸೇರಿತು. ಕೈ ಸರಿಸಿದೆ. ಮುಗಿದ ಹಳದಿ ಪಟ್ಟಿಯ ಮೇಲೆ ಒಂದು ಇಂಚು ಉದ್ದದ ನೀಲಿ ಗೆರೆ. ರಬ್ಬರ್ ಕಡೆ ಹೋದ ಕೈಯನ್ನು ನಾನೇ ಹಿಡಿದುಕೊಂಡೆ. ಉಜ್ಜಿದ್ದರೆ ಮತ್ತೆ ಹಸಿರೇ.

ಸೆಲೋಟೇಪ್ ಒಂದು ತುಂಡು ಹರಿದೆ. ಅಂಟು ಜಾಸ್ತಿ ಇರುತ್ತದೆ ಅಂತ ಮೊದಲು ಪ್ಯಾಂಟಿಗೆ ನಾಲ್ಕು ಸಲ ಅಂಟಿಸಿ ಕಿತ್ತೆ. ನೀಲಿ ಗೆರೆಯ ಮೇಲೆ ಹಗುರವಾಗಿ ಇಟ್ಟು, ಗೆರೆ ಇರುವಷ್ಟೇ ಜಾಗದಲ್ಲಿ ಅದೇ ಇಂಕಿಲ್ಲದ ಬಾಲ್‌ಪೆನ್ನಿನಿಂದ ಮೇಲಿನಿಂದ ಗೀರಿದೆ. ನಿಧಾನ ಎತ್ತಿದೆ. ಟೇಪಿನ ಹೊಟ್ಟೆಗೆ ನೀಲಿ ಗೆರೆ ಅಂಟಿಕೊಂಡು ಬಂತು. ಹೊಸ ತುಂಡಿನಿಂದ ಇನ್ನೊಮ್ಮೆ. ಮೂರನೇ ಸಲಕ್ಕೆ ಹಳದಿಯೂ ಸ್ವಲ್ಪ ಎದ್ದಿತು, ಅಲ್ಲಿಗೆ ನಿಲ್ಲಿಸಿ ಮೇಲೆ ಹಳದಿ ತುಂಬಿದೆ. ಗೊತ್ತಿದ್ದವರು ಹುಡುಕಿದರೆ ಈಗಲೂ ಸಿಗುತ್ತದೆ.

ಅವತ್ತಿನಿಂದ ಮೂರು ನಿಮಿಷಕ್ಕೊಮ್ಮೆ ಅಗಲದ ಒಣ ಕುಂಚದಿಂದ ಹಾಳೆ ಗುಡಿಸುತ್ತೇನೆ. ಕೈಯಿಂದ ಒರೆಸುವುದಿಲ್ಲ. ಬಾಯಿಂದ ಊದುವುದೂ ಇಲ್ಲ, ಒಂದು ಹನಿ ಉಗುಳು ಬಿದ್ದರೆ ಆ ಜಾಗ ಕಥೆ ಮುಗಿದ ಹಾಗೆ.

ಬೂಷ್ಟು ಅಲ್ಲ

ಜುಲೈ ಕೊನೆಯ ವಾರ ಕಪಾಟಿನಿಂದ ಹಾಳೆ ತೆಗೆದೆ. ಎದೆ ಧಸಕ್ ಅಂತು. ಒತ್ತಿ ಹಚ್ಚಿದ ಕೆಂಪು ತಳದ ಮೇಲೆ ಬಿಳಿ ಮಬ್ಬು. ಕಾರವಾರದಲ್ಲಿ ಜುಲೈಯಲ್ಲಿ ಬಿಳಿ ಕಂಡರೆ ಮೊದಲು ಬರುವ ಮಾತು ಒಂದೇ, ಬೂಷ್ಟು. ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಅದು ಬಿಟ್ಟಿಲ್ಲ.

ಕಿಟಕಿ ಹತ್ತಿರ ಹಿಡಿದು ನೋಡಿದೆ. ಬೂಷ್ಟಾದರೆ ಚುಕ್ಕೆ ಚುಕ್ಕೆಯಾಗಿ, ಎಲ್ಲೆಂದರಲ್ಲಿ ಬರುತ್ತದೆ. ಇದು ಒಂದೇ ಸಮ, ಒತ್ತಿ ಹಚ್ಚಿದ ಕಡು ಬಣ್ಣದ ಮೇಲೆ ಮಾತ್ರ. ಎಣ್ಣೆ ಕಟ್ಟಿನ ಪೆನ್ಸಿಲ್ ಬಳಸಿದ ಅಂಚುಗಳಲ್ಲಿ ಇಲ್ಲವೇ ಇಲ್ಲ. ಮೇಣ ಜಾಸ್ತಿ ಇರುವ ಪೆನ್ಸಿಲನ್ನು ದಪ್ಪವಾಗಿ ಹಚ್ಚಿದರೆ ಕೆಲವು ದಿನಗಳಲ್ಲಿ ಮೇಣ ಹೀಗೆ ಮೇಲಕ್ಕೆ ಬರುತ್ತದೆ. ಹಳೆಯ ಕಾಟನ್ ಬನಿಯನ್ ತುಂಡಿನಿಂದ ಹಗುರವಾಗಿ ಒರೆಸಿದೆ. ಕೆಂಪು ಮತ್ತೆ ಕೆಂಪಾಯಿತು. ಮಳೆ ನಿಂತ ಮೇಲೆ, ಒಣ ಗಾಳಿಯ ದಿನ ನೋಡಿ, ಅಂಗಳದಲ್ಲಿ ನಿಂತು ಫಿಕ್ಸೆಟಿವ್ ಎರಡು ತೆಳು ಪದರ ಹೊಡೆದರೆ ಮತ್ತೆ ಏಳುವುದಿಲ್ಲ. ಅದು ನವೆಂಬರ್ ಕೆಲಸ.

ಬೋಟಿನ ಹಳದಿ ನಿಜಕ್ಕೂ ಇಷ್ಟೇ ಗಾಢವೋ ಅಂತ ಒಮ್ಮೆ ನೋಡಿ ಬರೋಣ ಅಂತ ಜುಲೈ 30ಕ್ಕೆ ಬೈತಖೋಲಕ್ಕೆ ಹೋದೆ. ನಿಷೇಧ ಮುಗಿಯುವ ಮೊದಲು ಎಲ್ಲರೂ ಬೋಟಿಗೆ ಹೊಸ ಪೇಂಟ್ ಬಳಿಯುತ್ತಾರೆ, ಅದು ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ಬೋಟಿನ ಪಕ್ಕ ಹಲಗೆ ಕಟ್ಟಿಕೊಂಡು ಒಬ್ಬ ಹುಡುಗ ಕೂತಿದ್ದ. ಹಳದಿ ಪಟ್ಟಿ ಅರ್ಧಕ್ಕರ್ಧ ಕಿತ್ತಳೆಯಾಗಿತ್ತು. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಅವನು ಕೈ ಒರೆಸಿಕೊಂಡು, ಹಿಗ್ಗಿಸಿ ನೋಡಿ, ಮೂತಿಯ ಹೆಸರಿನ ಒಂದು ಅಕ್ಷರ ತಪ್ಪಿದೆ ಅಂತ ಕೊಂಕಣಿಯಲ್ಲಿ ಹೇಳಿದ. ಹೌದು, ತಪ್ಪಿತ್ತು.

ಮನೆಗೆ ಬಂದು ಮತ್ತೆ ಟೇಪ್ ತೆಗೆದೆ.